ಬಟ್ಟಲು ತರಲು ಹೋದವರು

ಮಾರ್ಚ್ 3

ಕಲ್ಲು ರಿಪೇರಿ ಕಾರ್ಯಾಗಾರದ ಮೇಡಂ ಅವರಿಗೆ,

ನಮಸ್ಕಾರ. ಈ ಪತ್ರದ ಜೊತೆಗೇ ಒಂದು ಮರದ ಪೆಟ್ಟಿಗೆ ನಿಮಗೆ ತಲುಪಬೇಕು. ಅದರೊಳಗೆ, ಹಳೆಯ ದಿಂಬಿನ ಹತ್ತಿಯ ನಡುವೆ, ಒಂದು ಕರಿಕಲ್ಲಿನ ಬಟ್ಟಲಿದೆ. ಇದೆ ಎನ್ನುವುದಕ್ಕಿಂತ ಇತ್ತು ಎನ್ನುವುದು ಸರಿ. ಈಗಿರುವುದು ಐದು ಚೂರು ಮತ್ತು ಒಂದು ಪೊಟ್ಟಣ ಪುಡಿ. ನೆಲಕ್ಕೆ ಒದ್ದೆ ಬಟ್ಟೆ ಒತ್ತಿ ಒತ್ತಿ ಒಂದು ಕಣವೂ ಬಿಡದೆ ತೆಗೆದಿದ್ದೇನೆ. ಅದರಲ್ಲಿ ನಮ್ಮ ಮನೆಯ ಕಸವೂ ಸೇರಿದ್ದರೆ ದಯವಿಟ್ಟು ಅದನ್ನೂ ಅಂಟಿಸಿಬಿಡಬೇಡಿ.

ನಾನು ಅಚ್ಚಿನ ಮನೆಯಲ್ಲಿ ಪ್ರೂಫ್ ತಿದ್ದುತ್ತಿದ್ದವನು. ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದೆ. ನನ್ನ ಹೆಂಡತಿ ಒಂದು ಸಂಗ್ರಹಾಲಯದಲ್ಲಿ, ಕಲ್ಲಿನ ವಸ್ತುಗಳನ್ನು ಕೊಳ್ಳುವ ಮೊದಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ರಜಾದಿನ ಬಂತೆಂದರೆ ಹಳೇ ಸಾಮಾನಿನ ಬಜಾರು ಸುತ್ತುವುದೇ ನಮ್ಮಿಬ್ಬರ ಚಟ. ಹಾಗೆ ಸುತ್ತಿ ಸುತ್ತಿ ಕಲ್ಲಿನ ಸಾಮಾನಿನಿಂದ ಒಂದು ಕಪಾಟು ತುಂಬಿದೆ: ಟಗರಿನ ತಲೆ, ದೀಪದ ಕುಡಿಕೆ, ಮೂಗಿಲ್ಲದ ಒಬ್ಬ ರಾಜ. ಮೂಗು ನಾವು ತರುವಾಗಲೇ ಇರಲಿಲ್ಲ, ಆ ಅಪವಾದ ನಮ್ಮ ಮೇಲೆ ಬೇಡ. ಎಲ್ಲಕ್ಕಿಂತ ಮೊದಲು ಮನೆಗೆ ಬಂದದ್ದು ಈ ಬಟ್ಟಲು.

ಕಪಾಟಿನ ಹಲಗೆ ಕಳಚಿ ಬಿತ್ತು. ಅದಕ್ಕಿಂತ ಹೆಚ್ಚಿನ ಕಥೆಯೇನಿಲ್ಲ. ನನಗೆ ಬೇಕಾದದ್ದು ಇಷ್ಟೇ: ಬಟ್ಟಲು ಒಡೆದಿತ್ತು ಎಂದು ಯಾರಿಗೂ ಗೊತ್ತಾಗಬಾರದು. ಕೈಯಲ್ಲಿ ಹಿಡಿದು ನೋಡಿದರೂ ಗೆರೆ ಕಾಣಬಾರದು. ಮತ್ತೆ, ಬೇಗ ಬೇಕು.

ಇತಿ,
ಪ್ರೂಫ್ ತಿದ್ದುವವ

ಮಾರ್ಚ್ 17

ಯಜಮಾನರಿಗೆ ನಮಸ್ಕಾರ.

ಪೆಟ್ಟಿಗೆ ತಲುಪಿದೆ. ಚೂರುಗಳನ್ನು ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ ಜೋಡಿಸಿ ನೋಡಿದೆ. ಅಂಚಿನಲ್ಲಿ ಉಗುರಿನಷ್ಟು ಜಾಗ ಬಿಟ್ಟರೆ ಎಲ್ಲವೂ ಇದೆ. ಪೊಟ್ಟಣದಲ್ಲಿ ಒಂದು ಅಂಗಿಯ ಗುಂಡಿ ಸಿಕ್ಕಿತು, ಅದನ್ನು ಅಂಟಿಸುವುದಿಲ್ಲ. ನಿಮ್ಮಷ್ಟು ಜೋಪಾನವಾಗಿ ಪುಡಿ ಕಳಿಸುವ ಗಿರಾಕಿಗಳು ಕಡಿಮೆ. ಇಷ್ಟು ತೆಳ್ಳಗೆ ಕೊರೆದ ಬಟ್ಟಲನ್ನು ನಾನು ಕಂಡದ್ದೂ ಕಡಿಮೆ.

ಎರಡು ಮಾತು. ನಮ್ಮಲ್ಲಿ ಒಂದು ನಿಯಮವಿದೆ. ಕೂಡಿಸಿದ ಗೆರೆ ದೂರದಿಂದ ಕಾಣಬಾರದು, ಕೈಗೆ ತೆಗೆದುಕೊಂಡರೆ ಕಾಣಬೇಕು. ಸಂದಿಗೆ ತುಂಬುವ ಗಾರೆಯನ್ನು ಬೇಕೆಂದೇ ಕಲ್ಲಿಗಿಂತ ಸ್ವಲ್ಪ ತಿಳಿ ಬಣ್ಣದಲ್ಲಿ ಕಲಸುತ್ತೇವೆ. ಒಡೆದದ್ದನ್ನು ಒಡೆದೇ ಇಲ್ಲ ಎಂದು ತೋರಿಸುವುದು ರಿಪೇರಿಯಲ್ಲ, ಸುಳ್ಳು. ನನಗೆ ಕೆಲಸ ಕಲಿಸಿದವರು ಇಂಥ ಒಂದು ಸುಳ್ಳಿನಿಂದಲೇ ಹೆಸರು ಕಳೆದುಕೊಂಡರು. ಅವರು ಕೂಡಿಸಿಕೊಟ್ಟ ಮೂರ್ತಿಯನ್ನು ಗಿರಾಕಿ ಎಂದೂ ಒಡೆದಿಲ್ಲವೆಂದು ಹೇಳಿ ಮಾರಿಬಿಟ್ಟ.

ಇನ್ನೊಂದು. ಬಟ್ಟಲಿನ ಹೊರಮೈಯಲ್ಲಿ, ತಳಕ್ಕಿಂತ ಸ್ವಲ್ಪ ಮೇಲೆ, ಬೆಳ್ಳಗೆ ಜಜ್ಜಿದ ಗುರುತುಗಳಿವೆ. ಎಲ್ಲ ಸಣ್ಣ ಪೆಟ್ಟು, ಎಲ್ಲ ಒಂದೇ ಕಡೆ. ಹಲಗೆಯಿಂದ ಬಿದ್ದ ಕಲ್ಲಿಗೆ ಹೀಗಾಗುವುದಿಲ್ಲ. ಏನಾಯಿತೆಂದು ತಿಳಿಸಿದರೆ ಕೆಲಸಕ್ಕೆ ಅನುಕೂಲ.

ಕಲ್ಲು ಕೂಡಿಸುವಾಕೆ

ಮಾರ್ಚ್ 22

ಮೇಡಂ,

ಗುಂಡಿ ನನ್ನದೇ. ಅದಿಲ್ಲದೆ ಆ ಅಂಗಿ ತೊಟ್ಟು ಬೀದಿಗೆ ಹೋಗಿ ಮಾನ ಕಳೆದುಕೊಂಡಿದ್ದೇನೆ.

ನಿಯಮ ಇರಬೇಕಾದದ್ದೇ. ನಾವೂ ಪುಸ್ತಕದಲ್ಲಿ ತಪ್ಪು ಉಳಿದರೆ ಕೊನೆಗೊಂದು ತಿದ್ದುಪಡಿ ಹಾಳೆ ಸೇರಿಸುತ್ತಿದ್ದೆವು, ಯಾರೂ ತೆರೆಯದ ಜಾಗದಲ್ಲಿ. ನಿಮ್ಮ ಗೆರೆಯನ್ನೂ ಹಾಗೆ ಎಲ್ಲಾದರೂ ಕಣ್ಣಿಗೆ ಬೀಳದ ಕಡೆ ಇಡಲು ಬರುವುದಿಲ್ಲವೆ? ಜಜ್ಜಿದ ಗುರುತಿನ ವಿಷಯ ನನಗೆ ತಿಳಿಯದು. ಹಲಗೆ ಬಿದ್ದಾಗ ಯಾವುದು ಯಾವುದಕ್ಕೆ ತಗುಲಿತೋ ನಾನು ನೋಡಲಿಲ್ಲ.

ಏಪ್ರಿಲ್ ಮುಗಿಯುವುದರೊಳಗೆ ಸಿಕ್ಕರೆ ದೊಡ್ಡ ಉಪಕಾರ. ಹೇಳಿದ್ದೇ ಹೇಳುವ ಕಿಸಬಾಯಿದಾಸ ಎಂದುಕೊಳ್ಳಬೇಡಿ, ಗೆರೆ ಮಾತ್ರ ಕಾಣಬಾರದು.

ಪ್ರೂಫ್ ತಿದ್ದುವವ

ಏಪ್ರಿಲ್ 21

ಯಜಮಾನರಿಗೆ,

ನಿಮ್ಮ ಪತ್ರ ಬಂದು ತಿಂಗಳಾಗುತ್ತಾ ಬಂತು. ಬಟ್ಟಲಿನ ಕೆಲಸ ನಾನು ಶುರು ಮಾಡಿಲ್ಲ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ನೀವು ಮಾತ್ರ ಎರಡು ಸಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ.

ಆ ಗುರುತುಗಳು ಸುತ್ತಿಗೆಯವು. ಯಾರೋ ಒಬ್ಬರು ತಾಳ್ಮೆಯಿಂದ, ಒಂದೇ ಕಡೆ, ಒಡೆಯುವ ತನಕ ಬಡಿದಿದ್ದಾರೆ. ಯಾಕೆ ಎಂದು ನೀವು ಹೇಳುವುದಿಲ್ಲ. ಗೆರೆ ಕಾಣಬಾರದು, ಯಾರಿಗೂ ಗೊತ್ತಾಗಬಾರದು, ಬೇಗ ಬೇಕು ಎಂದು ಒಟ್ಟಿಗೆ ಕೇಳುವವರನ್ನು ನಾನು ಮೊದಲೂ ಕಂಡಿದ್ದೇನೆ. ಅಂಥವರು ಕೊಳ್ಳುವವರನ್ನು ಆಗಲೇ ಮನೆಯಲ್ಲಿ ಕೂರಿಸಿಕೊಂಡಿರುತ್ತಾರೆ.

ಚೂರುಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದೇನೆ. ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ.

ಕಲ್ಲು ಕೂಡಿಸುವಾಕೆ

ಏಪ್ರಿಲ್ 26

ಮೇಡಂ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ. ನಿಮ್ಮ ಪತ್ರ ಓದಿ ಸಿಟ್ಟು ಬಂತು, ಹರಿದು ಹಾಕಿದೆ. ಆಮೇಲೆ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ಮತ್ತೆ ಓದಿದೆ. ನಿಮ್ಮ ಕೆಲಸದ ಕಷ್ಟ ಸ್ವಲ್ಪ ತಿಳಿಯಿತು.

ಬಟ್ಟಲು ಮಾರುವುದಕ್ಕಲ್ಲ. ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ಮೊದಲು ಬೀಗದ ಕೈ ಮರೆತಳು, ಆಮೇಲೆ ಬೀದಿ ಮರೆತಳು, ಈಗ ನನ್ನ ಸರದಿ. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂದು ಹೆದರಿ ಗೋಡೆಗೆ ಒತ್ತಿಕೊಳ್ಳುತ್ತಾಳೆ.

ಆದರೆ ಬಟ್ಟಲು ಇತ್ತು. ಮದುವೆಗೆ ಮೊದಲು ಒಂದು ದಿನ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯೊಳಗಿಂದ ಅವಳು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಇದನ್ನ ಬೀಳಿಸ್ದೆ ಮನೆ ತನಕ ತಂದ್ರೆ ನಿಮ್ಮನ್ನೇ ಮದುವೆ ಆಗ್ತೀನಿ" ಎಂದಿದ್ದಳು. ತಮಾಷೆಗೆ ಹೇಳಿದ್ದು. ನಾನು ಮಾತ್ರ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ಹಿಡಿದ ಹಾಗೆ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದೆ. ಕಾಯಿಲೆ ಬಂದ ಮೇಲೆ ಅವಳು ಹೆದರಿದಾಗಲೆಲ್ಲ ನಾನು ಬಟ್ಟಲನ್ನು ತಂದು ಎದುರಿಗಿಡುತ್ತಿದ್ದೆ. ಅದನ್ನು ನೋಡುತ್ತಿದ್ದಳು, ಆಮೇಲೆ ನನ್ನನ್ನು. "ನೀವೇ ಅಲ್ವಾ, ಬಸ್ಸಲ್ಲಿ ತಂದದ್ದು?" ಎನ್ನುತ್ತಿದ್ದಳು. ಅಲ್ಲಿಂದ ಸಂಜೆಯ ತನಕ ನಾನು ಅವಳ ಗಂಡ.

ಒಡೆದವಳೂ ಅವಳೇ. ಸಿಟ್ಟಿನಲ್ಲಿ ಸುತ್ತಿಗೆ ತೆಗೆದುಕೊಂಡು ಹೊಡೆದಳು. ಈ ಕಾಯಿಲೆಯವರಿಗೆ ಹಾಗೆ ಸಿಟ್ಟು ಬರುವುದುಂಟಂತೆ. ಒಡೆದದ್ದನ್ನೂ ಮರೆತಳು. ಬಟ್ಟಲೆಲ್ಲಿ ಎಂದು ಕೇಳುತ್ತಾಳೆ, ತೊಳೆಯಲು ಕೊಟ್ಟಿದ್ದೇನೆ ಎನ್ನುತ್ತೇನೆ. ಗಂಡನನ್ನು ಮರೆತರೂ ಅವಳು ಕಲ್ಲನ್ನು ಮರೆತಿಲ್ಲ. ಕೂದಲೆಳೆಯಷ್ಟು ಗೆರೆ ಕಂಡರೂ ಒಡೆದವರು ಯಾರು ಎಂದು ಕೇಳುತ್ತಾಳೆ. ನೀನೇ ಎಂದು ಹೇಳುವ ಶಕ್ತಿ ನನಗಿಲ್ಲ. ಅದಕ್ಕೇ ಗೆರೆ ಬೇಡ ಎಂದದ್ದು, ಅದಕ್ಕೇ ಬೇಗ ಎಂದದ್ದು.

ಇನ್ನು ಕಳಿಸುವುದು ಬಿಡುವುದು ನಿಮಗೆ ಸೇರಿದ್ದು.

ಪ್ರೂಫ್ ತಿದ್ದುವವ

ಏಪ್ರಿಲ್ 30

ಹಿರಿಯರಿಗೆ,

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತಿನ ಸಂಗತಿ ನನಗೆ ಗೊತ್ತಿಲ್ಲ, ಕಲ್ಲು ಒಡೆದರೆ ಕೂಡಿಸುತ್ತೇನೆ. ಆಡಿದ ಮಾತಿಗೆ ನನ್ನಲ್ಲಿ ಅಂಟಿಲ್ಲ. ಕ್ಷಮಿಸಿ.

ಗೆರೆ ಕಾಣದ ಹಾಗೆಯೇ ಮಾಡುತ್ತೇನೆ. ನನ್ನ ಕೆಲಸದಲ್ಲಿ ಇದೇ ಮೊದಲು, ಇದೇ ಕೊನೆ. ಅಂಟು ಒಣಗಲು, ಗಾರೆ ಕೂರಲು ಬೇಕಾದಷ್ಟು ದಿನ ಬೇಕೇ ಬೇಕು, ಅದನ್ನು ಅವಸರಪಡಿಸಲಾಗದು. ಅಷ್ಟರಲ್ಲಿ ಸುತ್ತಿಗೆಯನ್ನು ಅಮ್ಮನವರ ಕೈಗೆ ಸಿಗದ ಕಡೆ ಇಡಿ.

ಕಲ್ಲು ಕೂಡಿಸುವಾಕೆ

ಮೇ 19

ತಂಗಿ,

ಹೀಗೆ ಕರೆದರೆ ಬೇಜಾರಿಲ್ಲ ತಾನೆ? ಮೇಡಂ ಎಂದು ಬರೆದರೆ ಯಾವುದೋ ಆಫೀಸಿಗೆ ಅರ್ಜಿ ಹಾಕಿದ ಹಾಗಾಗುತ್ತದೆ.

ಅವಸರಪಡಿಸಲು ಬರೆಯುತ್ತಿಲ್ಲ. ಮನೆಯಲ್ಲಿ ಮಾತಾಡುವವರಿಲ್ಲ, ಅದಕ್ಕೆ. ಟಗರಿನ ತಲೆ ತೋರಿಸಿದೆ, ಮೂಗಿಲ್ಲದ ರಾಜನನ್ನು ತೋರಿಸಿದೆ. "ಚೆನ್ನಾಗಿದೆ, ಎಲ್ಲಿ ಸಿಕ್ತು?" ಎಂದಳು. ರಾಜನಿಗೆ ಸಿಕ್ಕಿದಷ್ಟು ಮರ್ಯಾದೆಯೂ ನನಗೆ ಸಿಗಲಿಲ್ಲ. ನಿನ್ನೆ ಮಾತ್ರ ಬಸ್ಸಿನ ಕಥೆಯನ್ನು ಬಾಯಲ್ಲೇ ಹೇಳಿದೆ. ಗಮನವಿಟ್ಟು ಕೇಳಿ, "ಪಾಪ, ಒಳ್ಳೇ ಹುಡುಗ ಇರ್ಬೇಕು" ಎಂದಳು. ಬಟ್ಟಲು ಎದುರಿಗಿದ್ದರೆ ಆ ಹುಡುಗ ನಾನೇ ಎಂದು ಅವಳಿಗೆ ಹೊಳೆಯುತ್ತಿತ್ತು. ಖಂಡಿತ ಹೊಳೆಯುತ್ತಿತ್ತು.

ಸುತ್ತಿಗೆ ಬಚ್ಚಿಟ್ಟಿದ್ದೇನೆ.

ಪ್ರೂಫ್ ತಿದ್ದುವವ

ಜೂನ್ 8

ಅಣ್ಣನವರಿಗೆ,

ಬಟ್ಟಲು ಈ ದಿನ ಹೊರಟಿದೆ. ಗಾರೆಗೆ ನಿಮ್ಮ ಪೊಟ್ಟಣದ ಪುಡಿಯನ್ನೇ ಅರೆದು ಬೆರೆಸಿದೆ. ಹಾಗಾಗಿ ಅಂಚಿನ ಆ ಉಗುರಿನಷ್ಟು ಜಾಗವೂ ಅದೇ ಕಲ್ಲು, ಅದೇ ಬಣ್ಣ. ಜಜ್ಜಿದ ಗುರುತುಗಳನ್ನು ಉಜ್ಜಿ ಮುಚ್ಚಿದ್ದೇನೆ. ಬಿಸಿಲಿಗೆ ಹಿಡಿದು, ನೀರಲ್ಲಿ ಅದ್ದಿ ನೋಡಿದೆ. ಎಲ್ಲಿ ಒಡೆದಿತ್ತೆಂದು ಗೊತ್ತಿದ್ದ ನನಗೇ ಗೆರೆ ಸಿಗಲಿಲ್ಲ. ಹೆಮ್ಮೆಯಾಯಿತು. ಆಗಬಾರದಿತ್ತು, ಆದರೂ ಆಯಿತು.

ಅಮ್ಮನವರು ನೋಡಿ ಏನೆಂದರು, ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಕಲ್ಲು ಕೂಡಿಸುವಾಕೆ

ಜೂನ್ 16

ತಂಗಿ,

ಬಟ್ಟಲು ಬಂತು. ನಿನ್ನ ಕೈಗೆ ದೊಡ್ಡ ನಮಸ್ಕಾರ. ಭೂತಗನ್ನಡಿ ಹಿಡಿದು ಹುಡುಕಿದೆ. ತಪ್ಪು ಹುಡುಕಿಯೇ ಮುದುಕನಾದ ಕಣ್ಣಿಗೂ ಒಂದೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು ಅವಳನ್ನು ಕರೆದೆ. ಬಂದಳು, ನೋಡಿದಳು, ಮುಖ ಅರಳಿತು. ನನ್ನ ಕಡೆ ತಿರುಗಿ, "ನೀವೇ ಅಲ್ವಾ? ಎಲ್ಲಿ ಹೋಗಿದ್ರಿ ಇಷ್ಟು ದಿನ?" ಎಂದಳು. ನನ್ನ ಕೈ ಹಿಡಿದುಕೊಂಡಳು. ಈ ಕ್ಷಣ ಹೀಗೇ ನಿಂತುಬಿಡಲಿ ಎನ್ನಿಸಿತು. ಆಮೇಲೆ ಕೈ ಬಿಟ್ಟು, ಬಟ್ಟಲನ್ನು ಎಡಗೈಯ ಬೆರಳ ತುದಿಗಳ ಮೇಲೆ ಎತ್ತಿಕೊಂಡು, ಬಲಗೈಯ ಗೆಣ್ಣಿನಿಂದ ತಟ್ಟಿದಳು. ಕೊಳೆತ ಹಲಗೆಯನ್ನು ತಟ್ಟಿದ ಹಾಗೆ ಸದ್ದು ಬಂತು.

ನಿನಗೆ ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಅವಳು ಕಲ್ಲನ್ನು ಪರೀಕ್ಷಿಸುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ, ಒಳಗೆ ಬಿರುಕಿದೆಯೇ, ತೇಪೆಯಿದೆಯೇ, ನಕಲಿಯೇ ಎಂದು ಹೇಳಿಬಿಡುತ್ತಿದ್ದಳು. ಒಂದು ಸಲವೂ ತಪ್ಪಿರಲಿಲ್ಲ. ಈ ಬಟ್ಟಲು ಗಂಟೆಯಂತೆ ಗುಂಯ್‌ಗುಡುತ್ತಿತ್ತು. ಕಾಯಿಲೆ ಬಂದ ಮೇಲೆ ತಟ್ಟಿದ್ದನ್ನು ಮರೆತು ಮತ್ತೆ ತಟ್ಟುವಳು, ಮತ್ತೆ ಮರೆಯುವಳು. ಗೆಣ್ಣು ಬಾತುಕೊಂಡಿತು. ನಾನು ಬಟ್ಟೆ ಸುತ್ತಿದೆ. ಅದಕ್ಕೇ ಸುತ್ತಿಗೆ ತಂದಳು. ಸಿಟ್ಟಿನಿಂದಲ್ಲ ತಂಗಿ, ಬಹಳ ಮೆಲ್ಲಗೆ, ಬಹಳ ಪ್ರೀತಿಯಿಂದ ತಟ್ಟಿ ಕೇಳಿದಳು. ಮೆಲ್ಲಗೆ ತಟ್ಟಿದ್ದನ್ನೇ ಎಷ್ಟೋ ಸಲ ತಟ್ಟಿದರೆ ಕಲ್ಲು ತಡೆಯಬೇಕಲ್ಲ. ನಾನು ಸ್ನಾನದ ಮನೆಯಿಂದ ಓಡಿ ಬರುವಷ್ಟರಲ್ಲಿ ಚೂರಾಗಿತ್ತು. ಆತುರದಲ್ಲಿ ಹಾಕಿಕೊಂಡ ಅಂಗಿಯದೇ ಆ ಗುಂಡಿ.

ಸಿಟ್ಟಿನಲ್ಲಿ ಒಡೆದಳು ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಪರೀಕ್ಷೆ ಮಾಡಲು ಹೋಗಿ ಒಡೆದಳು ಎಂದರೆ ಅವಳ ವಿದ್ಯೆಯೇ ಹೋಯಿತು ಎನ್ನುತ್ತಾರೆ. ಕಲ್ಲಿನ ಕೆಲಸದವರ ಮುಂದೆ ಅವಳ ಹೆಸರು ಕೆಡಬಾರದು ಎಂದು ನಿನಗೂ ಸುಳ್ಳು ಹೇಳಿದೆ.

ವಿದ್ಯೆ ಹೋಗಿರಲಿಲ್ಲ ನೋಡು. ಮತ್ತೊಮ್ಮೆ ತಟ್ಟಿದಳು. ಬಟ್ಟಲನ್ನು ಕೆಳಗಿಟ್ಟಳು. "ಇದು ನಂದಲ್ಲ" ಎಂದಳು.

"ನಿನ್ನದೇ ಕಣೇ. ಸರಿಯಾಗಿ ನೋಡು."

"ನೋಡೋಕೆ ಹಾಗೇ ಮಾಡಿದ್ದಾರೆ. ಒಂದು ಗೆರೆ ಇಲ್ಲ, ಒಂದು ತೇಪೆ ಇಲ್ಲ. ಒಡೆದಿದ್ರೆ ಗೆರೆ ಇರ್ಬೇಕಿತ್ತಲ್ಲ? ಒಡೆದೂ ಇಲ್ಲ, ದನಿಯೂ ಇಲ್ಲ ಅಂದ್ರೆ ನಕಲಿ." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಂದನ್ನ ತಗೊಂಡು ಇದನ್ನ ಇಟ್ಟಿದ್ದೀರಿ. ಯಾರು ನೀವು? ನಮ್ಮ ಮನೆಯವರು ಬರ್ಲಿ, ಅವರಿಗೇ ಹೇಳ್ತೀನಿ."

ನಿನ್ನ ನಿಯಮದ ಪ್ರಕಾರ ಒಂದು ಗೆರೆ ಬಿಟ್ಟಿದ್ದರೆ ಒಡೆದದ್ದು ಎಂದು ತಿಳಿದು ಅಳುತ್ತಿದ್ದಳು. ಅತ್ತರೂ ತನ್ನದೆಂದು ತಿಳಿಯುತ್ತಿದ್ದಳು. ನಾನೇ ಪಟ್ಟು ಹಿಡಿದು ಅದನ್ನು ಅಳಿಸಿಹಾಕಿಸಿದೆ. ಅಂದಿನಿಂದ ಬೆಳಿಗ್ಗೆಯಾಗಲಿ ಸಂಜೆಯಾಗಲಿ ನಾನು ಅವಳ ಗಂಡನಲ್ಲ. ನಾನು ಮನೆಗೆ ನುಗ್ಗಿದ ಕಳ್ಳ.

ನಿನ್ನ ಅಣ್ಣ

ಜೂನ್ 22

ಅಣ್ಣ,

ಪತ್ರ ಓದಿ ಉಪಕರಣಗಳನ್ನೆಲ್ಲ ಪಕ್ಕಕ್ಕಿಟ್ಟೆ. ಎಂಥ ಅಂಟು ಹಾಕಿದರೂ ಕೂಡಿಸಿದ ಕಲ್ಲು ಮತ್ತೆ ದನಿ ಕೊಡುವುದಿಲ್ಲ. ನಮ್ಮ ಕೆಲಸಕ್ಕೆ ಕಾಲಿಟ್ಟ ಮೊದಲ ವಾರದಲ್ಲೇ ಇದು ಗೊತ್ತಾಗುತ್ತದೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಗುರುತುಗಳು ಸಿಟ್ಟಿನ ಗುರುತುಗಳಲ್ಲ ಎಂದು ನನಗೆ ಅನ್ನಿಸಿತ್ತು. ತಾಳ್ಮೆಯ ಪೆಟ್ಟು ಎಂದು ನಾನೇ ಬರೆದಿದ್ದೆನಲ್ಲ. ಆದರೆ ಒಮ್ಮೆ ನಿಮ್ಮ ಮೇಲೆ ಅಪವಾದ ಹೊರಿಸಿ ನಾಚಿಕೆಪಟ್ಟವಳು, ಮತ್ತೆ ಕೆದಕುವುದು ಬೇಡ ಎಂದು ಸುಮ್ಮನಾದೆ. ಕೇಳಿದ್ದರೆ ನೀವು ಹೇಳುತ್ತಿದ್ದಿರಿ. ಅನುಮಾನಪಟ್ಟು ಒಂದು ತಿಂಗಳು ಹಾಳುಮಾಡಿದೆ, ಅನುಮಾನಪಡಬೇಕಾದ ಕಡೆ ಬಾಯಿ ಮುಚ್ಚಿಕೊಂಡೆ.

ಬಟ್ಟಲನ್ನು ವಾಪಸ್ ಕಳಿಸಿ. ಒಂದೊಂದು ಗೆರೆಯನ್ನೂ ಬಿಡಿಸಿ ಎದ್ದು ಕಾಣುವ ಹಾಗೆ ಮಾಡಿಕೊಡುತ್ತೇನೆ. ಇಲ್ಲವಾದರೆ ನಾನೇ ಬಂದು, ಕೂಡಿಸಿದವಳು ನಾನು ಎಂದು ಅಮ್ಮನವರಿಗೆ ಹೇಳುತ್ತೇನೆ. ಕಲ್ಲಿನ ಕೆಲಸದವರ ಮಾತು ಅವರು ಕೇಳಿಯಾರು.

ನಿಮ್ಮ ತಂಗಿ

ಜುಲೈ 14

ತಂಗಿ,

ಬರುವುದು ಬೇಡ. ಬಟ್ಟಲು ಅಟ್ಟದ ಮೇಲಿದೆ. ಅವಳ ಕಣ್ಣಿಗೆ ಬಿದ್ದರೆ ಮತ್ತೆ ನನ್ನನ್ನು ಕಳ್ಳ ಎನ್ನುತ್ತಾಳೆ.

ಅವಳನ್ನು ಸಮಾಧಾನ ಮಾಡಲು ಒಂದು ಮಾತು ಹೇಳಿದೆ. "ನಿಮ್ಮ ಮನೆಯವರು ಕಲ್ಲು ಕೂಡಿಸುವವರ ಹತ್ತಿರ ಹೋಗಿದ್ದಾರೆ, ನಿಮ್ಮ ಬಟ್ಟಲು ತರಲು. ಅವರು ಬರುವ ತನಕ ನಿಮ್ಮನ್ನು ನೋಡಿಕೊಳ್ಳಲು ನನಗೆ ಹೇಳಿದ್ದಾರೆ" ಎಂದೆ. ತಕ್ಷಣ ಶಾಂತಳಾದಳು. ಅಲ್ಲಿಂದ ನನ್ನನ್ನು ಕಂಡರೆ ಹೆದರುವುದಿಲ್ಲ, ನನ್ನ ಕೈಯಲ್ಲೇ ಉಣ್ಣುತ್ತಾಳೆ. ಆದರೆ ಆ ಮಾತನ್ನು ಮಾತ್ರ ಮರೆಯುತ್ತಿಲ್ಲ. ಎಲ್ಲವನ್ನೂ ಮರೆಯುವವಳು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ದಿನವೂ ಬಾಗಿಲಲ್ಲಿ ಕೂತು ದಾರಿ ಕಾಯುತ್ತಾಳೆ.

ನಿನ್ನೆ ಅವರಿಗೊಂದು ಕಾಗದ ಬರೆಯಬೇಕೆಂದು ಹಟ ಹಿಡಿದಳು. ಅವಳು ಹೇಳಿದಳು, ನಾನು ಬರೆದೆ. ಒಂದಕ್ಷರವನ್ನೂ ತಿದ್ದಿಲ್ಲ. ಅಂಚೆಗೆ ಹಾಕುವುದನ್ನು ನೋಡಲು ಕಿಟಕಿಯಲ್ಲಿ ನಿಂತಿರುತ್ತಾಳೆ, ವಿಳಾಸ ಬರೆಯಲೇಬೇಕು. ಅವಳ ಗಂಡ ಇರುವುದು ನಿನ್ನಲ್ಲಿ ಎಂದು ನಾನೇ ಹೇಳಿದ್ದರಿಂದ ನಿನ್ನ ವಿಳಾಸ ಬರೆದಿದ್ದೇನೆ. ಎಲ್ಲಾದರೂ ಇಟ್ಟುಕೊಂಡಿರು.

ಅಣ್ಣ

ರೀ,

ನಾನು ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಿ? ಬಟ್ಟಲು ತರೋಕೆ ಹೋಗಿದ್ದೀರಂತೆ. ಹೋಗೋವಾಗ ಒಂದು ಮಾತು ಹೇಳಿ ಹೋಗ್ಬಾರ್ದಾ? ನಾನು ಎಷ್ಟು ಹುಡುಕಿದೆ.

ಇಲ್ಲಿ ಒಬ್ಬರನ್ನ ಬಿಟ್ಟು ಹೋಗಿದ್ದೀರಲ್ಲ, ಅವರ ಕೈಲೇ ಇದನ್ನ ಬರೆಸ್ತಿದ್ದೀನಿ. ಮೊದಲು ಕಳ್ಳ ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಒಳ್ಳೇ ಮನುಷ್ಯ. ತಲೆ ಬಾಚ್ತಾರೆ, ಬೈತಲೆ ಮಾತ್ರ ಸೊಟ್ಟ. ಚಹಾಕ್ಕೆ ಸಕ್ಕರೆ ಸುರೀತಾರೆ. ನಾನು ಏನೂ ಅನ್ನಲ್ಲ, ಹೊರಗಿನವರು, ಬೇಜಾರು ಮಾಡ್ಕೊಂಡಾರು. ಒಂದೊಂದು ಸಲ ಅಡುಗೆಮನೇಲಿ ಆ ಕಡೆ ತಿರುಗಿ ನಿಂತ್ಕೊಂಡು ಅಳ್ತಾರೆ. ಯಾಕೆ ಅಂತ ಕೇಳಿದೆ, ಈರುಳ್ಳಿ ಅಂದ್ರು. ಈರುಳ್ಳಿ ಇರ್ಲಿಲ್ಲ ಅಲ್ಲಿ. ನಿಮಗೆ ಮನೆ ಇಲ್ವಾ, ಹೆಂಡತಿ ಇಲ್ವಾ ಅಂದೆ. ಇದ್ದಾಳೆ, ತುಂಬ ದೂರ ಇದ್ದಾಳೆ ಅಂದ್ರು.

ಅದಕ್ಕೇ ಬರೆಸ್ತಿರೋದು. ಬಟ್ಟಲು ಸಿಗದಿದ್ರೆ ಬಿಡಿ, ನನಗೆ ಬೇಡ. ಬರಿಗೈಲೇ ಬನ್ನಿ, ಆದಷ್ಟು ಬೇಗ ಬನ್ನಿ. ನೀವು ಬಂದ್ರೆ ಇವರನ್ನ ಕಳಿಸ್ಬಹುದು. ಪಾಪ, ಇವರೂ ಅವರ ಹೆಂಡತಿ ಹತ್ರ ಹೋಗ್ಬೇಕಲ್ಲ.

ನಿಮ್ಮವಳು